ನಿಂತರೆ ಕುದಿಯುವ ವ್ಯಾನು

ಆ ಅಮಾವಾಸ್ಯೆಯ ಬೆಳಿಗ್ಗೆ ಮಾಡಿದ್ದು ಇಷ್ಟು: ಅಂಗಳ ಗುಡಿಸಿದೆ, ನಲ್ಲಿ ನೀರು ತುಂಬಿಸಿದೆ, ರೊಟ್ಟಿ ಬಡಿದೆ, ಪುಂಡಿಪಲ್ಯ ಬೇಯಿಸಿದೆ, ಶೇಂಗಾ ಹಿಂಡಿ ಕುಟ್ಟಿದೆ, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ, ವ್ಯಾನಿನ ಹಿಂದಿನ ಸೀಟಿನ ಕೆಳಗೆ ಎರಡು ಕೊಡ ನೀರಿಟ್ಟೆ. ಕೊನೆಯದು ಯಾವ ಮನೆಯಲ್ಲೂ ಹೆಂಗಸಿನ ಕೆಲಸವಲ್ಲ. ನಮ್ಮ ಮನೆಯಲ್ಲಿ ಆಗಿಬಿಟ್ಟಿತ್ತು.

ನಾವು ಮಸ್ಕಿಯಲ್ಲಿರುವವರು. ನಾಟಿಯ ಕಾಲದಲ್ಲಿ ನಮ್ಮ ಯಜಮಾನರು ಪಾಮನಕಲ್ಲೂರಿನ ಹೆಂಗಸರನ್ನು ಗೊರೇಬಾಳದ ಗದ್ದೆಗಳಿಗೆ ಕರೆದೊಯ್ಯುತ್ತಾರೆ. ಆ ಸಲ ವ್ಯಾನಿಗೆ ಒಂದು ಚಟ ಹತ್ತಿತ್ತು. ಓಡುತ್ತಿದ್ದರೆ ತಣ್ಣಗಿರುತ್ತಿತ್ತು, ನಿಂತರೆ ಕುದಿಯುತ್ತಿತ್ತು. ಹಿಂದಿನ ದಿನ ಕಾಲುವೆ ದಂಡೆಯ ಮೇಲೆ ಕೆಟ್ಟು ನಿಂತ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡು, ಮುಂದಿನಿಂದ ಹಬೆ ಬಿಟ್ಟುಕೊಂಡು ನಿಂತಿತು. ಹೆಂಗಸರು ಇಳಿದು ನಡೆದೇ ಹೋದರು. ಅವರು ಮುಟ್ಟುವಷ್ಟರಲ್ಲಿ ಗದ್ದೆಯವನು ಅರ್ಧ ಗದ್ದೆಯನ್ನು ಬೇರೆ ಗುಂಪಿಗೆ ಕೊಟ್ಟಾಗಿತ್ತು.

ಸಂಜೆ ಇಳಿಯುವಾಗ ಗುಂಪಿನ ಹಿರಿಯಾಕಿ ನಮ್ಮವರಿಗೆ ಹೇಳಿದಳಂತೆ: "ತಮ್ಮಾ, ನಾವು ಕೂಲಿಗೆ ಹೋಗಾಕ ಗಾಡಿ ಹತ್ತೀವಿ, ಗಾಡಿಗೆ ನೀರು ಕುಡಿಸಾಕಲ್ಲ. ನಾಳಿ ಅಮಾಸಿ, ನಾವು ಕೆಲಸಕ್ಕ ಬರಂಗಿಲ್ಲ. ಸಂಜೀಕ ಸುದ್ದ ಮಾಡಿಸ್ಕೊಂಡು ಬಂದು ತೋರ್ಸು. ಇಲ್ಲಂದ್ರ ನಾಡಿದ್ದಿಂದ ಬ್ಯಾರೆ ಗಾಡಿ."

ಆ ಗುಂಪು ಹೋದರೆ ನಮ್ಮ ನಾಟಿಯ ಕಾಲವೇ ಹೋದಂತೆ. ನಾಟಿಯ ನಡುವೆ ಬೇರೆ ಗುಂಪು ಸಿಗುವುದಿಲ್ಲ. ಹಾಗಾಗಿ ನಾನೂ ವ್ಯಾನು ಹತ್ತಿದೆ. ನಮ್ಮವರು ಮನೆಯಲ್ಲಿ ಹುಲಿ. ಮೆಕ್ಯಾನಿಕ್ಕನ ಮುಂದೆ ಕೈಕಟ್ಟಿ ನಿಂತು, ಅವನು ಕೆಮ್ಮಿದರೂ ಹೌದೆನ್ನುವವರು.

ಮೊದಲು ಲಿಂಗಸುಗೂರಿಗೆ ಹೋದೆವು, ಅಲ್ಲಿಯವನ ಕೈಗುಣ ದೊಡ್ಡದೆಂದು ಯಾರೋ ಹೇಳಿದ್ದರು. ಕೈಗುಣದವನು ರೇಡಿಯೇಟರಿನ ನೀರು ಚೆಲ್ಲಿಸಿ ಕೂಲಂಟ್ ಎಂಬ ಹಸಿರು ನೀರು ಹಾಕಿಸಿದ. ನೀರು ಇಂಜಿನ್ನಿಗೆ ತಿರುಗುವ ದಾರಿಯಲ್ಲಿರುವ ವಾಲ್ವನ್ನು ಬಿಚ್ಚಿ ನಮ್ಮವರ ಅಂಗೈಯಲ್ಲಿಟ್ಟು, ಇದು ತಂಪು ದೇಶದವರಿಗೆ, ನಮ್ಮ ಬಿಸಿಲಿಗೆ ಬೇಕಾಗಿಲ್ಲ ಎಂದ. ನಮ್ಮವರು ಅದನ್ನು ಪ್ರಸಾದದಂತೆ ಜೇಬಿಗಿಳಿಸಿದರು. ಆಮೇಲೆ ವ್ಯಾನನ್ನು ಹೆದ್ದಾರಿಯಲ್ಲಿ ಧೂಳೆಬ್ಬಿಸಿ ಓಡಿಸಿಕೊಂಡು ಬಂದು, ಹೀಟ್ ಮುಳ್ಳು ಮೇಲೇರಿಲ್ಲ, ನೋಡಿಕೊಳ್ಳಿ ಎಂದು ಎದೆಯುಬ್ಬಿಸಿದ.

"ನಿಂತಾಗ ಕಾಯ್ತೈತಿ ಅಂದ್ರ ಓಡಿಸಿ ನೋಡಾಕತ್ತೀರಲ್ರೀ" ಎಂದೆ.

ಅವನು ಉತ್ತರವನ್ನು ನನಗೆ ಕೊಡಲಿಲ್ಲ, ನಮ್ಮವರಿಗೆ ಕೊಟ್ಟ. ಹಾಗೂ ಕಾಯ್ದರೆ ಫ್ಯಾನಿನ ಮೋಟಾರು ಸುಟ್ಟಿರುತ್ತದೆ, ರಾಯಚೂರಿನಿಂದ ತರಿಸಬೇಕು ಎಂದ. ಸುಟ್ಟಿದೆಯೋ ಇಲ್ಲವೋ ನೋಡುವುದಕ್ಕೆ ಅವನ ಕೈಗುಣ ಸಾಲಲಿಲ್ಲ. ಗಾಡಿ ಓಡುವಾಗ ಗಾಳಿಯೇ ರೇಡಿಯೇಟರನ್ನು ತಂಪು ಮಾಡುತ್ತದೆ, ಫ್ಯಾನು ಬೇಕಾಗುವುದು ನಿಂತಾಗ. ಒಲೆ ಊದುವವಳಿಗೆ ಗಾಳಿಯ ಲೆಕ್ಕ ತಿಳಿಯುತ್ತದೆ, ಇವನಿಗೆ ತಿಳಿಯಲಿಲ್ಲ.

ಮರಳಿ ಬರುವಾಗ ಮಸ್ಕಿಯಲ್ಲಿ ಬಸ್ಸಿನ ಹಿಂದೆ ನಿಂತದ್ದೇ ತಡ, ಮುಳ್ಳು ಏರಿತು. ಇಂಜಿನ್ ಬಂದ್ ಮಾಡಿ, ಆರುವವರೆಗೆ ಕಾದು ನೀರು ಹಾಕಿದೆವು. ಅಷ್ಟರಲ್ಲಿ ನಮ್ಮವರ ಗೆಳೆಯರು ಕೂಡಿದರು. ಒಬ್ಬ ಹೆಡ್ ಗ್ಯಾಸ್ಕೆಟ್ ಎಂದ, ಒಬ್ಬ ಪಂಪ್ ಎಂದ. ಮೂರನೆಯವನು ಅಮಾವಾಸ್ಯೆಯ ದಿನ ಗಾಡಿ ತೆಗೆದದ್ದೇ ತಪ್ಪೆಂದು ನಿಂಬೆಹಣ್ಣು ಕಟ್ಟಿದ. ಬಾನೆಟ್ಟಿನೊಳಗೆ ಬಗ್ಗಿ ನೋಡಿದವರು ಒಬ್ಬರೂ ಇಲ್ಲ. ಬಗ್ಗಿದರೆ ಅಂಗಿ ಹೊಲಸಾಗುತ್ತದಲ್ಲ.

ಅವರನ್ನು ಬಿಟ್ಟು ಸಿಂಧನೂರಿಗೆ ಹೋದೆವು. ಅಲ್ಲಿಯ ವೈರಿಂಗ್ ಅಂಗಡಿಯವನ ಬಾಯಿ ಭಾಳ ಕೆಟ್ಟದ್ದು. ನಮ್ಮವರು ವಾಲ್ವನ್ನು ಜೇಬಿನಿಂದ ತೆಗೆದದ್ದು ನೋಡಿ, ಇಂಜಿನ್ ಯಾಕೆ ಬಿಟ್ಟಿರಿ, ಅದನ್ನೂ ಜೇಬಿಗೆ ಹಾಕಿಕೊಳ್ಳಬೇಕಿತ್ತು ಎಂದ. ಆದರೆ ಕೆಲಸವನ್ನು ಒಂದೊಂದಾಗಿ ಮಾಡಿದ. ಫ್ಯೂಜು ನೋಡಿದ, ಗಟ್ಟಿಯಿತ್ತು. ಫ್ಯಾನಿನ ಪ್ಲಗ್ ಬಿಚ್ಚಿ, ಬ್ಯಾಟರಿಯಿಂದ ಎರಡು ತಂತಿ ನೇರ ಕೊಟ್ಟ. ಲಿಂಗಸುಗೂರಿನವನು ಸುಟ್ಟಿದೆ ಎಂದಿದ್ದ ಫ್ಯಾನು ಗಿರ್ರನೆ ತಿರುಗಿ ನನ್ನ ಸೆರಗು ಹಾರಿಸಿತು. ಇಂಜಿನ್ ಕಾಯಿಸಿ, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ ಸಿಗಿಸಿ ಇನ್ನೊಂದನ್ನು ಪ್ಲಗ್ಗಿಗೆ ಮುಟ್ಟಿಸಿದ. ದೀಪ ಹತ್ತಿತು. ಆ ಮೈನಸ್ ಬಿಟ್ಟು, ಎರಡೂ ತುದಿಗಳನ್ನು ಪ್ಲಗ್ಗಿನೊಳಗೇ ಇಟ್ಟ. ಹತ್ತಲಿಲ್ಲ.

"ಕರೆಂಟ್ ಬರೋ ದಾರಿ ಐತಿ, ಹೋಗೋ ದಾರಿ ಇಲ್ಲ. ಅರ್ತಿಂಗ್ ಯಾರೋ ಕಿತ್ತ್ಯಾರ" ಎಂದ.

ಪ್ಲಗ್ಗಿನಿಂದ ಹೊರಟ ಕಪ್ಪು ತಂತಿಯನ್ನು ಬೆರಳಲ್ಲಿ ಹಿಡಿದು ಹೋದ. ಅದು ಗಾಡಿಯ ಮೈಗೆ ಬೋಲ್ಟಿನಲ್ಲಿ ಕೂತಿರಬೇಕು. ಬೋಲ್ಟಿನಲ್ಲಿ ಬೇರೆ ತಂತಿಯಿತ್ತು. ಕಪ್ಪು ತಂತಿಯ ತುದಿಗೆ ಯಾರೋ ಚೆಂದವಾಗಿ ಟೇಪು ಸುತ್ತಿ ಮೂಲೆಗೆ ಸೇರಿಸಿದ್ದರು. ಬೇರೆ ತಂತಿ ಎಲ್ಲಿಯದೆಂದು ಎಳೆದರೆ, ನಾಟಿಗೆ ಮುಂಚೆ ನಮ್ಮವರು ಜಾತ್ರೆಯ ಕಳೆ ಬರಲೆಂದು ಹಾಕಿಸಿದ್ದ ಮೂರು ರಾಗದ ಹಾರ್ನಿನದು.

"ರಾಗ ಬೇಕಾತು, ತಂಪು ಬ್ಯಾಡಾತು. ಹಾಕಿಸಿದ್ದ್ಯಾರಪಾ?"

ನಮ್ಮವರು ಕಾಲುವೆಯ ಕಡೆ ನೋಡತೊಡಗಿದರು. ಅಂಗಡಿಯಿಂದ ಕಾಲುವೆ ಕಾಣುವುದೇ ಇಲ್ಲ.

ಅವನು ಬೋಲ್ಟಿನ ಜಾಗವನ್ನು ಉಜ್ಜಿ ಹೊಳೆಸಿ, ಎರಡೂ ತಂತಿ ಕೂಡಿಸಿ ಬಿಗಿದ. ಪಕ್ಕದ ಗ್ಯಾರೇಜಿನಲ್ಲಿ ವಾಲ್ವೂ ಮರಳಿ ಕೂತಿತು. ಅದೆಲ್ಲ ಆಗುವವರೆಗೆ ದಾರಿಹೋಕರನ್ನೆಲ್ಲ ನಿಲ್ಲಿಸಿ ನಮ್ಮ ಕಥೆ ಹೇಳಿದ. ಅಷ್ಟು ಸಣ್ಣತನ ಬೇಕಿರಲಿಲ್ಲ.

ಇಳಿಹೊತ್ತಿಗೆ ಪಾಮನಕಲ್ಲೂರಿಗೆ ಹೋದೆವು. ಹಿರಿಯಾಕಿ ಕಟ್ಟೆಯ ಮೇಲೆ ಕೂತಿದ್ದಳು, ಸುತ್ತ ಗುಂಪಿನವರು. ನಮ್ಮವರು ಸುದ್ದ ಆಯ್ತೆಂದು ಹೇಳಿ ಬಂದ್ ಮಾಡಲು ಹೋದರೆ, "ಬಂದ್ ಮಾಡಬ್ಯಾಡ. ಹಂಗ ನಿಂದ್ರಲಿ" ಎಂದಳು. ಲಿಂಗಸುಗೂರಿನವನಿಗೆ ಹೊಳೆಯದ ಪರೀಕ್ಷೆ ಅದು. ವ್ಯಾನು ನಿಂತಲ್ಲೇ ಗುರುಗುಟ್ಟಿತು. ಮುಳ್ಳು ಅರ್ಧಕ್ಕೆ ಬಂತು, ದಾಟಿತು. ನಮ್ಮವರ ಕೈ ಕೀಲಿಗೆ ಹೋಯಿತು.

"ಕೈ ತೆಗಿ" ಎಂದಳು.

ಫ್ಯಾನು ಗಿರ್ರನೆ ತಿರುಗಿತು. ಮುಳ್ಳು ಇಳಿಯಿತು, ಫ್ಯಾನು ನಿಂತಿತು. ಅವಳು ಏಳಲಿಲ್ಲ. ಇನ್ನೊಮ್ಮೆ ಏರಿ, ಇನ್ನೊಮ್ಮೆ ಫ್ಯಾನು ತಿರುಗಿದ ಮೇಲೆ ಎದ್ದು ಸೀರೆ ಕೊಡವಿಕೊಂಡಳು.

"ಮುಂಜಾನಿ ಲಗೂನ ಬಾ. ಮುಂದಿನ ಸೀಟು ನಂದು."

ಅಮಾವಾಸ್ಯೆಯ ಹೋಳಿಗೆ ಕಟ್ಟಿಕೊಟ್ಟಳು. ಮನೆಯಲ್ಲಿ ಅದನ್ನೂ, ಬೆಳಗಿನ ರೊಟ್ಟಿ, ಪುಂಡಿಪಲ್ಯ, ಹಿಂಡಿಯನ್ನೂ ಉಂಡೆವು. ಉಣ್ಣುತ್ತಾ ನಮ್ಮವರು ಕರೆಂಟಿಗೆ ಬರುವ ದಾರಿ, ಹೋಗುವ ದಾರಿ ಎರಡೂ ಬೇಕೆಂದು, ತಾವೇ ಕಂಡುಹಿಡಿದವರಂತೆ ಅತ್ತೆಗೆ ವಿವರಿಸಿದರು. ಮೊದಲು ಮಲಗಿದ್ದು ಅತ್ತೆ, ನಮ್ಮವರ ಮಾತಿನಲ್ಲಿ ಕರೆಂಟು ಇನ್ನೂ ಬರುವ ದಾರಿಯಲ್ಲಿರುವಾಗಲೇ.