ಒಂದು ವಾರದ ಉತ್ತರ

ಯಂತ್ರ ಬಿಸಿಯಾದ ಹತ್ತು ನಿಮಿಷಕ್ಕೆ ಕೋಣೆಯಲ್ಲಿ ತಂಬಾಕಿನ ವಾಸನೆ ಎದ್ದಿತು. ಅನುಮಾನಪಡಬೇಡಿ, ಚಿಕ್ಕೋಡಿಯ ನಮ್ಮ ಪತ್ರಿಕಾ ಕಚೇರಿಯಲ್ಲಿ ಯಾರೂ ಸೇದುವುದಿಲ್ಲ. ಈ ಹಳೆಯ ಕಂಪ್ಯೂಟರನ್ನು ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರ ಗೋದಾಮಿನಿಂದ ತಂದದ್ದು. ಎಷ್ಟು ಸಲ ಬಿಚ್ಚಿ ಒರೆಸಿದರೂ ಅದರ ಹೊಟ್ಟೆಯೊಳಗಿನ ಪುಡಿ ಪೂರ್ತಿ ಹೋಗಿಲ್ಲ. ಹೋದ ವಾರ ಅದರ ಡಿಸ್ಕ್ ಕೆಟ್ಟಿತು. ಹೊಸ ಡಿಸ್ಕ್ ಹಾಕಿ, ಲಿನಕ್ಸ್ ಇಳಿಸಿ, ಹೆಸರಿನ ಸರ್ವರನ್ನು ಮತ್ತೆ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಸಲ ಕಟ್ಟುವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡಿದವನು ನಾನೊಬ್ಬನೇ. ನೋಡಿದವನಿಗೆ ಬಂದೇ ಬರುತ್ತದೆ ಎಂದು ಕಚೇರಿಯವರ ನಂಬಿಕೆ. ನನಗೆ ಅಷ್ಟು ನಂಬಿಕೆ ಇರಲಿಲ್ಲ.

ಕಟ್ಟಿದವರು ಐನಾಪುರದ ನೇಮಣ್ಣ, ಈಗ ಕೆಲಸದಿಂದ ನಿವೃತ್ತರು. ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ನಮ್ಮಲ್ಲಿ ಸೇರಿದವರು. ಮೊಳೆಗಳು ಗುಜರಿಗೆ ಹೋದಾಗ ತಾವು ಹೋಗದೆ ಕಂಪ್ಯೂಟರಿನ ಮುಂದೆ ಕುಳಿತರು. ಜೈನರು, ಹೊತ್ತು ಮುಳುಗುವ ಮುನ್ನ ಉಣ್ಣುವವರು. ಸಂಜೆ ಐದೂವರೆಗೆ ಅವರ ಡಬ್ಬಿಯ ಮುಚ್ಚಳದ ಸದ್ದು ಕೇಳಿದರೆ ನಾವು ಗಡಿಯಾರ ನೋಡುತ್ತಿರಲಿಲ್ಲ. ಮಳೆಗಾಲದ ನಾಲ್ಕು ತಿಂಗಳು ಆ ಡಬ್ಬಿಯಲ್ಲಿ ಸೊಪ್ಪಿನ ಪಲ್ಯವೂ ಇರುತ್ತಿರಲಿಲ್ಲ.

ಆಗ ನಮ್ಮ ಕಚೇರಿಯದೊಂದು ವಿಚಿತ್ರ ಕಷ್ಟವಿತ್ತು. ಹೊರಗಿನ ಇಂಟರ್ನೆಟ್ ಲೈನ್ ಹೋದರೆ ಪಕ್ಕದ ಮೇಜಿನ ಕಂಪ್ಯೂಟರೂ ಹೆಸರು ಹಿಡಿದು ಕರೆದರೆ ಸಿಗುತ್ತಿರಲಿಲ್ಲ. ಹೆಸರು ಹೇಳುವವನು ಹೊರಗೆಲ್ಲೋ ಇದ್ದ. ಅವನನ್ನು ಒಳಗೇ ತಂದು ಕೂರಿಸುತ್ತೇನೆ ಎಂದರು ನೇಮಣ್ಣ.

"ಊರಾಗ ಪಾಟೀಲರ ಮನಿ ಎಲ್ಲೈತಿ ಅಂದ್ರ ಕಟ್ಟಿ ಮ್ಯಾಲ ಕುಂತಾವ ಹೇಳ್ತಾನಲ್ರಿ, ಹಂಗ. ನಾವು ಹೆಸರು ಕೇಳ್ತೇವಿ, ಇದು ನಂಬರ್ ಹೇಳ್ತೈತಿ."

"ಪಾಟೀಲರು ಹದಿನೆಂಟು ಮಂದಿ ಅದಾರಲ್ರಿ?" ಎಂದೆ ನಾನು.

"ಅದಕ್ಕ ಒಂದ್ ಹೆಸರಿಗಿ ಒಂದ ಮನಿ ಬರದೇನಿ. ನಿಮ್ಮ ಸುದ್ದಿಯಂಗಲ್ಲ ಇದು."

ಕಂಪ್ಯೂಟರುಗಳಿಗೆ ಅವರು ತಾಲ್ಲೂಕುಗಳ ಹೆಸರಿಟ್ಟರು. "ಅಥಣಿ ಬಿದ್ದೈತಿ!" ಎಂದು ಒಳಗಿನಿಂದ ಕೂಗಿದಾಗ ಜಾಹೀರಾತು ಕೊಡಲು ಬಂದವರು ಎದ್ದು ನಿಂತದ್ದುಂಟು. ಹೆಸರುಗಳ ಫೈಲಿನಲ್ಲಿ ಒಂದು ಸಾಲು ಇರುತ್ತದೆ: ಕೊಟ್ಟ ಉತ್ತರವನ್ನು ಕೇಳಿದ ಯಂತ್ರ ಮತ್ತೆ ಕೇಳದೆ ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಎಂದು. ನೇಮಣ್ಣ ಒಂದು ವಾರ ಎಂದು ಬರೆದರು. "ತಿಂಗಳಾದ್ರೂ ಹಾಕ್ರಿ, ನಮ್ಮ ಯಂತ್ರ ಎಲ್ಲಿ ಓಡಿ ಹೋಗ್ತಾವ?" ಎಂದವನು ನಾನು.

ಆ ವರ್ಷ ಕೃಷ್ಣೆ ಯಡೂರಿನ ಮನೆಗಳೊಳಗೆ ಬಂದಳು. ಯಾವ ಮನೆಯವರು ಯಾವ ಪರಿಹಾರ ಕೇಂದ್ರದಲ್ಲಿದ್ದಾರೆ ಎಂಬುದನ್ನು ನಮ್ಮ ವರದಿಗಾರರು ಫೋನಿನಲ್ಲಿ ಹೇಳುತ್ತಿದ್ದರು, ನೇಮಣ್ಣ ಅದನ್ನು ಅಥಣಿ ಎಂಬ ಯಂತ್ರದಲ್ಲಿ ಪಟ್ಟಿ ಮಾಡುತ್ತಿದ್ದರು. ಕೇಳಿಕೊಂಡು ಬಂದವರಿಗೆ ಪಟ್ಟಿ ತೆರೆದು ಹೇಳುವುದು ನನ್ನ ಕೆಲಸ. ಅಥಣಿ ತೀರ ನಿಧಾನವಾದಾಗ ಒಂದು ಮಧ್ಯಾಹ್ನ ಅವರು ಪಟ್ಟಿಯನ್ನು ಕಾಗವಾಡ ಎಂಬ ಯಂತ್ರಕ್ಕೆ ಸಾಗಿಸಿ, 'ಪಟ್ಟಿ' ಎಂದು ಕೇಳಿದವರಿಗೆ ಇನ್ನು ಕಾಗವಾಡದ ನಂಬರ್ ಹೇಳು ಎಂದು ಹೆಸರಿನ ಸರ್ವರಿಗೂ ತಿಳಿಸಿದರು. ಹಳೆಯ ಪ್ರತಿ ಅಥಣಿಯಲ್ಲಿ ಹಾಗೇ ಉಳಿಯಿತು.

ಮರುದಿನ ಗಂಗವ್ವ ಬಂದಳು. ಯಡೂರಿನವಳು. ಊರಿಗೆ ದೋಣಿ ಬಂದ ದಿನ ಅವಳು ರಾಯಬಾಗದಲ್ಲಿ ಅಕ್ಕನ ಮನೆಯಲ್ಲಿದ್ದಳು. ತಾಯಿಯನ್ನು ನೆರೆಯವರು ಕರೆದೊಯ್ದಿದ್ದರು. ಕೈಯಲ್ಲಿ ಬರ್ಫ್ ತುಂಬಿದ ಥರ್ಮಾಸ್, ಅದರೊಳಗೆ ತಾಯಿಯ ಸಕ್ಕರೆ ಕಾಯಿಲೆಯ ಔಷಧ.

"ಅಣ್ಣಾರ, ನಮ್ಮವ್ವ ಎಲ್ಲಿ ಅದಾಳ ನೋಡ್ರಿ. ಸಂಜಿಕ ಸೂಜಿ ಮಾಡಬೇಕ್ರಿ ಅಕಿಗಿ."

ಪಟ್ಟಿ ತೆರೆದೆ, ಓದಿದೆ, ಇಂಥ ಶಾಲೆ ಎಂದು ಖಚಿತ ದನಿಯಲ್ಲಿ ಹೇಳಿದೆ. ಆ ದನಿಯ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಐದೂವರೆಗೆ ಅವಳು ಮರಳಿ ಬಂದಳು. ಸೀರೆ ತೊಯ್ದು ಮೈಗೆ ಅಂಟಿತ್ತು. "ಅಲ್ಲಿ ಯಾರೂ ಇಲ್ರಿ."

ನೇಮಣ್ಣ ಅದೇ ಆಗ ಡಬ್ಬಿ ತೆರೆದಿದ್ದರು. ಎದ್ದು ಬಂದು ನನ್ನ ಪರದೆ ನೋಡಿದರು. "ಇದು ನಿನ್ನಿ ಮಧ್ಯಾಹ್ನದ ಪಟ್ಟಿ ಐತಲ್ರಿ!" ನನ್ನ ಯಂತ್ರ ಹೆಸರಿನ ಸರ್ವರನ್ನು ಹೊಸದಾಗಿ ಕೇಳಿರಲೇ ಇಲ್ಲ. ವಾರ ನೆನಪಿಟ್ಟುಕೋ ಎಂದಿದ್ದೆವು, ಇಟ್ಟುಕೊಂಡಿತ್ತು. ನನ್ನನ್ನು ಹಳೆಯ ಅಥಣಿಗೇ ಕಳಿಸುತ್ತಿತ್ತು. ಹೊಸ ಪಟ್ಟಿಯಲ್ಲಿ ಗಂಗವ್ವನ ತಾಯಿ ಚಿಕ್ಕೋಡಿಯ ಇನ್ನೊಂದು ತುದಿಯಲ್ಲಿ, ಮದುವೆಗಳು ನಡೆಯುವ ಮಂಗಲ ಕಾರ್ಯಾಲಯದಲ್ಲಿದ್ದರು. ನೇಮಣ್ಣ ಅದನ್ನು ನನ್ನ ಹಾಗೆ ಬರೀ ಓದಿ ಹೇಳಿ ಕಳಿಸಲಿಲ್ಲ. ಅಲ್ಲಿಗೆ ಫೋನ್ ಮಾಡಿ, ಮುದುಕಿಯನ್ನು ಕರೆಸಿ, ದನಿಯನ್ನು ಮಗಳಿಗೆ ಕೇಳಿಸಿ, ಆಮೇಲೆ ಅವಳನ್ನು ಕಚೇರಿಯ ಸ್ಕೂಟರಿನ ಹಿಂದೆ ಕೂರಿಸಿಕೊಂಡರು.

ಹೊರಡುವಾಗ ಗಂಗವ್ವ ನನ್ನ ಕಡೆ ತಿರುಗಿ, "ನೀವು ಹೇಳಿದಾಗ ಅಕಿ ಅಲ್ಲೇ ಇದ್ದಿರಬೇಕ್ರಿ, ಆಮ್ಯಾಲ ಸರಿಸ್ಯಾರ," ಎಂದಳು. ನಾನು ಇಲ್ಲವೆನ್ನಲಿಲ್ಲ.

ಸೂಜಿ ಹೊತ್ತಿಗೆ ಸರಿಯಾಗಿ ಆಯಿತು. ನೇಮಣ್ಣ ತಿರುಗಿ ಬರುವಾಗ ದೀಪ ಹಚ್ಚಿದ್ದೆವು. ಉಣ್ಣಿ ಎಂದರೆ, "ಹೊತ್ತು ಮುಳುಗೇತ್ರಿ," ಎಂದು ಫೈಲ್ ತೆರೆದು, ವಾರ ಅಳಿಸಿ ಐದು ನಿಮಿಷ ಎಂದು ಬರೆದರು. "ಉತ್ತರ ಹೇಳಿದ್ರ ಸಾಲದ್ರಿ. ಎಷ್ಟೊತ್ತು ನಂಬಬೇಕು ಅನ್ನೂದನ್ನೂ ಹೇಳಬೇಕು." ತುಂಬಿದ ಡಬ್ಬಿಯೊಂದಿಗೆ ಐನಾಪುರದ ಬಸ್ಸು ಹತ್ತಿದರು.

ಯಾರದೋ ಇನಿಷಿಯಲ್ ತಪ್ಪಿದರೆ ನಮ್ಮ ಪತ್ರಿಕೆ ಮರುದಿನ ತಿದ್ದುಪಡಿ ಹಾಕುತ್ತದೆ. ಎಷ್ಟೋ ತಿದ್ದುಪಡಿಗಳನ್ನು ನಾನೇ ಬರೆದಿದ್ದೇನೆ. ಇದೊಂದನ್ನು ಮಾತ್ರ ಬರೆಯಲಿಲ್ಲ, ಬಾಯಲ್ಲೂ ಹೇಳಲಿಲ್ಲ.

ಈಗ ಅದೇ ಸಾಲಿಗೆ ಬಂದು ನಿಂತೆ. ಐದು ನಿಮಿಷಕ್ಕೆ ಮುನ್ನೂರು ಸೆಕೆಂಡ್, ಬರೆದೆ. ಸರ್ವರ್ ಎದ್ದಿತು, ಹೆಸರು ಕೇಳಿದರೆ ನಂಬರ್ ಹೇಳಿತು. ಕುರ್ಚಿಯಿಂದ ಏಳಲು ಮಾತ್ರ ಮನಸ್ಸಾಗಲಿಲ್ಲ. ಆ ಮಳೆಗಾಲದ ನೋಟ್‌ಬುಕ್ ಹುಡುಕಿ ತೆಗೆದು, ಅಂದು ಗಂಗವ್ವ ಬರೆಸಿದ್ದ ಯಡೂರಿನ ನಂಬರಿಗೆ ಫೋನ್ ಮಾಡಿದೆ. ಗಂಗವ್ವನೇ ಎತ್ತಿದಳು. ಯಾರೆಂದು ಹೇಳಿ, ಶಾಲೆಯ ನೆನಪು ಮಾಡಿಕೊಟ್ಟು, "ಅವತ್ತು ನಾ ಹೇಳಿದ್ದು ಹಿಂದಿನ ದಿನದ ಸುದ್ದಿರಿ ಅಕ್ಕಾರ. ನಿಮ್ಮವ್ವಾರನ್ನ ಅದಕ್ಕಿಂತ ಮೊದಲ ಸರಿಸಿದ್ರು. ತಪ್ಪು ನನ್ನದು," ಎಂದೆ.

"ಗೊತ್ತೈತ್ರಿ. ಸಾಲಿ ಮಾಸ್ತರು ಕೀಲಿ ಹಾಕಾಕತ್ತಿದ್ರು. ನಿನ್ನೇನ ಎಲ್ಲಾರೂ ಹೋದ್ರು, ಎಲ್ಲಿಗಂತ ಗೊತ್ತಿಲ್ಲ ಅಂದ್ರು."

"ಮತ್ತ ಅವತ್ತ್ಯಾಕ ಹಂಗ ಅಂದ್ರಿ?"

"ನಿಮ್ಮ ಮಾರಿ ನೋಡಿದ್ನಲ್ರಿ. ಮಳ್ಯಾಗ ತೊಯ್ಸಿಕೊಂಡಾಕಿ ನಾನು, ಬೆವರಾಕತ್ತಾವ್ರು ನೀವು. ಮತ್ತೇನ್ ಬೈಲಿ?"

ಅವಳೇ ಮುಂದುವರಿಸಿದಳು. "ಅವ್ವ ಹೊರಗ ಕುಂತು ಸೇಂಗಾ ಸುಲ್ಯಾಕತ್ತಾಳ. ಬರ್ರಿ ಒಮ್ಮೆ. ಹಳೇ ಮನಿಗಿ ಹೋಗಬ್ಯಾಡ್ರಿ ಮತ್ತ, ಹೊಳಿದಂಡಿ ಬಿಟ್ಟೇವಿ. ಗುಡಿ ದಾಟಿ ಮ್ಯಾಲಿನ ಪ್ಲಾಟಿನ್ಯಾಗ ಅದೇವಿ."

ಬರೆದುಕೊಂಡೆ. ಪಕ್ಕದಲ್ಲಿ ಇಂದಿನ ತಾರೀಖನ್ನೂ ಹಾಕಿದೆ.

"ಬರೂಕಿಂತ ಮೊದಲ ಒಂದ್ ಫೋನ್ ಮಾಡ್ರಿ," ಎಂದಳು ಗಂಗವ್ವ.