ಕನ್ನಡಕದಂಗಡಿಯ ವೇದಾಂತಿ

ಸೂಜಿಗೆ ದಾರ ಪೋಣಿಸುವಷ್ಟು ದೃಷ್ಟಿ ಸಿಕ್ಕರೆ ಸಾಕೆಂದು ನಮ್ಮ ಬೀದಿಯ ಕನ್ನಡಕದಂಗಡಿಗೆ ಹೋದರೆ, ಅಂಗಡಿಯವರು ಬ್ರಹ್ಮವನ್ನೇ ಕಟ್ಟಿಕೊಡಲು ಕೂರುತ್ತಾರೆ. ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಿಸುತ್ತಾ, "ಇದಲ್ವಾ? ಇದೂ ಅಲ್ವಾ? ಹೀಗೇ ಅಲ್ಲ ಅಲ್ಲ ಅಂತ ತೆಗೀತಾ ಹೋದ್ರೆ ಕೊನೇಲಿ ಉಳಿಯೋದೇ ಅದು" ಎನ್ನುತ್ತಾರೆ. ಅಕ್ಷರ ಕಾಣುತ್ತಿದೆ ಎಂದರೆ "ಯಾರಿಗೆ?" ಎಂದು ಕೇಳುತ್ತಾರೆ. "ನಂಗೇ ರೀ, ಒಲೆ ಮೇಲೆ ಹಾಲಿಟ್ಟು ಬಂದಿದೀನಿ" ಎಂದು ನಮ್ಮತ್ತೆ ಒಮ್ಮೆ ಗದರಿದ್ದರು. "ಹಾಲು ಉಕ್ಲಿ ಬಿಡಿ, ಆ ನಾನು ಯಾರು ಅಂತ ಮೊದ್ಲು ನೋಡ್ಕೊಳ್ಳಿ" ಎಂದರಂತೆ. ಮೊನ್ನೆ ಹೋದಾಗ ಅಂಗಡಿಯವರೇ ಗಾಜಿಗಾಗಿ ತಡಕಾಡುತ್ತಿದ್ದರು. ಎಡಗಣ್ಣು ಪೂರ್ತಿ ಹೋಗಿದೆಯಂತೆ, ಬಲಗಣ್ಣೂ ಅದೇ ದಾರಿ ಹಿಡಿದಿದೆಯಂತೆ. "ಎಡಗಣ್ಣಲ್ಲಿ ಏನೂ ಕಾಣಲ್ವಾ?" ಎಂದೆ. ತಡಕಾಡಿ ಸಿಕ್ಕ ಗಾಜನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. "ಕತ್ತಲೆ ಕಾಣುತ್ತೆ" ಎಂದರು ಆಮೇಲೆ, "ಅದನ್ನ ನೋಡ್ತಿರೋನಿಗೆ ಏನೂ ಆಗಿಲ್ಲ."