ಜನರೇಟರಿನ ಮೇಲೆ ಅತ್ತಿಗೆಯ ಹಗೆ

ನನ್ನ ಗಂಡನ ಅಕ್ಕ ಹಗೆ ಸಾಧಿಸುವುದು ಹೊರಗಿನವರಿಗೆ ಕಾಣುವುದಿಲ್ಲ. ನನ್ನ ಕೋಪವಾದರೆ ಮೂಗಿನ ತುದಿಯಲ್ಲೇ ಕೂತಿರುತ್ತದೆ. ಕೂಗಾಡಿ, ನಾಲ್ಕು ಪಾತ್ರೆ ಕುಕ್ಕಿ, ಅಡುಗೆ ಇಳಿಸುವ ಹೊತ್ತಿಗೆ ಯಾರ ಮೇಲೆ ಸಿಟ್ಟು ಬಂದಿತ್ತೋ ಅವರಿಗೇ ಬಡಿಸುತ್ತಿರುತ್ತೇನೆ. ಅತ್ತಿಗೆ ಹಾಗಲ್ಲ. ಅವಳು ಸಿಟ್ಟನ್ನು ಕೊಳೆ ಬಟ್ಟೆಯ ಹಾಗೆ ನೆನೆಹಾಕುತ್ತಾಳೆ. ಅದು ಚೆನ್ನಾಗಿ ನೆನೆಯುವ ತನಕ ಅತ್ತ ತಿರುಗಿಯೂ ನೋಡುವುದಿಲ್ಲ. ಅವಳು ನನಗಿಂತ ದೊಡ್ಡವಳು, ಆದರೂ ನಾನು ಮದುವೆಯಾಗಿ ಬಂದ ಹೊಸದರಲ್ಲೇ ನಮ್ಮಿಬ್ಬರ ನಡುವೆ 'ನೀನು' ಅನ್ನುವ ಸಲಿಗೆ ಶುರುವಾಗಿತ್ತು.

ನಾವು ಮೂವರೂ ದುಡಿಯುವುದು ಊರಾಚೆಯ ಒಂದು ವಿಜ್ಞಾನ ಕೇಂದ್ರದಲ್ಲಿ. ಹೈಸ್ಕೂಲು ಮಕ್ಕಳು ತಂಡ ತಂಡವಾಗಿ ಬಂದು, ಹಾಸ್ಟೆಲಿನಲ್ಲಿ ಉಳಿದು, ಪ್ರಯೋಗ ಮಾಡಿ ಕಲಿತು ಹೋಗುವ ಜಾಗ ಅದು. ನಾನು ಅಡುಗೆಮನೆಯಲ್ಲಿ. ನನ್ನ ಯಜಮಾನರು ಜನರೇಟರ್ ನೋಡಿಕೊಳ್ಳುತ್ತಿದ್ದರು. ಅತ್ತಿಗೆಯದು ಬಟ್ಟೆಯ ಕೆಲಸ. ಹಾಸ್ಟೆಲಿನ ಹೊದಿಕೆಗಳು, ಪ್ರಯೋಗಾಲಯದ ಬಿಳಿ ಕೋಟುಗಳು, ನಮ್ಮಂಥ ಸಿಬ್ಬಂದಿಯ ಸಮವಸ್ತ್ರ, ಎಲ್ಲ ಅವಳ ಕೈಯಲ್ಲೇ ಹಾದುಹೋಗಬೇಕು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಅದಕ್ಕೂ ಮುಂಚೆ ತಾಯಿ ಹೋದಾಗ, ಇನ್ನೂ ನಡೆಯಲು ಬಾರದ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದವಳೂ ಅವಳೇ. ನನ್ನ ಯಜಮಾನರಿಗೆ ಅಕ್ಕನೂ ಅವಳೇ, ಅಮ್ಮನೂ ಅವಳೇ. ಅವರಿಗೆ ಈ ಕೆಲಸ ಸಿಕ್ಕಿದ್ದು ಕೂಡ ಅವಳು ಓಡಾಡಿದ್ದರಿಂದ.

ಅಲ್ಲಿನ ಮ್ಯಾನೇಜರನಿಗೆ ಮಕ್ಕಳು ಇಟ್ಟ ಹೆಸರು ಗರಿಗರಿ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಬಿಟ್ಟು ಬೇರೆ ತೊಟ್ಟಿದ್ದನ್ನು ಯಾರೂ ನೋಡಿಲ್ಲ. ಆ ಅಂಗಿಗಳನ್ನು ಒಗೆದು ಗರಿಗರಿ ಮಾಡುತ್ತಿದ್ದವಳು ಅತ್ತಿಗೆಯೇ. ಜನರೇಟರನ್ನು ತರಿಸಿದ್ದು ತಾನೇ ಎಂದು ಅವನಿಗೆ ವಿಪರೀತ ಹೆಮ್ಮೆ. ಷೆಡ್ಡಿನ ಗೋಡೆಯ ಮೇಲೆ ತನ್ನ ಹೆಸರಿನ ಕಲ್ಲು ಕೂರಿಸಿಕೊಂಡಿದ್ದ. ನಮ್ಮಲ್ಲಿ ಮಧ್ಯಾಹ್ನವಾದರೆ ಕರೆಂಟು ಕೈಕೊಡುವುದು ಗ್ಯಾರಂಟಿ. ಹಾಗಾಗಿ ಮಕ್ಕಳಿಗೆ ಸೂರ್ಯನ ಶಕ್ತಿಯ ಪಾಠ ಮಾಡುವಾಗಲೂ, ಪರದೆಯ ಮೇಲೆ ಸೂರ್ಯ ಮೂಡಬೇಕಾದರೆ ನನ್ನ ಯಜಮಾನರು ಡೀಸೆಲ್ ಸುರಿಯಬೇಕಿತ್ತು. ಭೌತಶಾಸ್ತ್ರದ ಟೀಚರಮ್ಮ ತಾರಸಿಗಳ ಮೇಲೆ ಸೋಲಾರ್ ಹಾಕಿಸೋಣವೆಂದು ಪ್ರತಿ ಸಭೆಯಲ್ಲೂ ಕೇಳುತ್ತಿದ್ದರು. ಗರಿಗರಿ, "ಮೋಡ ಬಂದ್ರೆ ಏನ್ ಮಾಡ್ತೀರ? ಮೇಣದಬತ್ತಿ ಹಿಡ್ಕೊಂಡು ಪಾಠ ಮಾಡ್ತೀರಾ?" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದ.

ಅತ್ತಿಗೆ ಮೊದಲೆಲ್ಲ ಹಾಸ್ಟೆಲಿನ ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಒಂದು ದಿನ ಗರಿಗರಿ, "ಗೇಟಿಂದ ಬರೋರಿಗೆ ಮೊದಲು ಕಾಣೋದೇ ನಿನ್ನ ಹೊದಿಕೆಗಳು. ಇದೇನು ವಿಜ್ಞಾನ ಕೇಂದ್ರಾನಾ, ಲಾಂಡ್ರೀನಾ?" ಎಂದು ತಂತಿಯನ್ನು ಬಿಚ್ಚಿಸಿ, ಜನರೇಟರ್ ಷೆಡ್ಡಿನ ಹಿಂದೆ ಕಟ್ಟಿಸಿದ. ಅಲ್ಲಿ ಹೊಗೆ. ಕರೆಂಟು ಹೋಗುವ ಮುಂಚೆಯೇ ಬಟ್ಟೆ ಎತ್ತಿಕೊಂಡು ಅತ್ತಿಗೆ ಹೇಗೋ ನಿಭಾಯಿಸುತ್ತಿದ್ದಳು. ಅವನ ಅಂಗಿಗಳನ್ನು ಮಾತ್ರ ತಂದು ನಮ್ಮ ಮನೆಯೊಳಗೆ ಫ್ಯಾನಿನ ಕೆಳಗೆ ಒಣಗಿಸುತ್ತಿದ್ದಳು. ಅಷ್ಟು ನಿಯತ್ತು.

ಪಾಲಕರನ್ನೆಲ್ಲ ಕರೆಸುವ ವಾರ್ಷಿಕ ದಿನ ಬಂತು. ಹಿಂದಿನ ದಿನ ತಾಲೀಮಿಗೆಂದು ಬೆಳಗಿನಿಂದಲೇ ಜನರೇಟರ್ ಓಡಿಸಿದ್ದರು. ಅದರ ಹೊಗೆ ಕೊಳವೆ ತುಕ್ಕು ಹಿಡಿದು ತೂತಾಗಿ, ಹೊಗೆ ಮೇಲೆ ಹೋಗುವ ಬದಲು ನೇರ ಬಟ್ಟೆಗಳ ಮೇಲೆ ನುಗ್ಗಿತ್ತು. ಅತ್ತಿಗೆ ಕೋಟುಗಳನ್ನು ಇನ್ನೊಮ್ಮೆ ಒಗೆದಳು, ಮಸಿ ಪೂರ್ತಿ ಹೋಗಲಿಲ್ಲ. ಮಕ್ಕಳು ಅವನ್ನೇ ತೊಟ್ಟು ವೇದಿಕೆ ಹತ್ತಿದರು. ಮುಂದೆ ಕೂತಿದ್ದ ಸಂಸ್ಥೆಯ ಅಧ್ಯಕ್ಷೆ, "ಇದೇನು ಕಲೆ?" ಎಂದು ಕೇಳಿದರಂತೆ. ಗರಿಗರಿ ಅತ್ತಿಗೆಯನ್ನು ವೇದಿಕೆಗೇ ಕರೆಸಿ, ಒಂದು ಹುಡುಗಿಯ ಕೋಟು ಬಿಚ್ಚಿಸಿ ಕಾಲರು ಹಿಡಿದು ಎತ್ತಿ ತೋರಿಸಿ, "ಕೈ ಶುದ್ಧವಾಗಿಲ್ದಿದ್ರೆ ಕೆಲಸ ಹೀಗೇ ಇರುತ್ತೆ" ಎಂದು ಮೈಕಿನಲ್ಲಿ ಹೇಳಿದನಂತೆ. ಸಭೆಯೆಲ್ಲ ನಕ್ಕಿತಂತೆ. ಅತ್ತಿಗೆ "ತಪ್ಪಾಯ್ತು" ಅನ್ನುವ ತನಕ ಅವಳನ್ನು ಕೆಳಗೆ ಇಳಿಯಗೊಡಲಿಲ್ಲ. ನಾನು ಅಡುಗೆಮನೆಯಲ್ಲಿದ್ದೆ, ಇದೆಲ್ಲ ಬೇರೆಯವರ ಬಾಯಿಂದ ಕೇಳಿದ್ದು. ಕೇಳಿ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಯಜಮಾನರನ್ನು ಹಿಡಿದು ಜಾಡಿಸಿದೆ.

"ನಿಮ್ಮ ಅಕ್ಕನ ಮಾನ ಹರಾಜು ಹಾಕ್ತಿದ್ರೆ ನೀವೆಲ್ಲಿ ಹೋಗಿದ್ರಿ?"

"ನಾನು ಷೆಡ್ಡಲ್ಲಿದ್ದೆ ಕಣೇ. ಅಲ್ಲಿದ್ದಿದ್ರೆ ಸುಮ್ನೆ ಬಿಡ್ತಿದ್ನಾ?" ಎಂದರು.

ಅತ್ತಿಗೆ ಗೋಡೆಗೆ ಒರಗಿ ಕೂತಿದ್ದಳು. ಒಂದು ಹನಿ ಕಣ್ಣೀರಿಲ್ಲ. ತಮ್ಮನನ್ನೊಮ್ಮೆ ನೋಡಿದಳು, ಆಮೇಲೆ ನನ್ನನ್ನು. "ಅದೇ ವೇದಿಕೆ, ಅದೇ ಜನ. ನನ್ನ ಕೈ ಶುದ್ಧ ಅಂತ, ನಿಜ ಗೊತ್ತಿದ್ದೋರ ಬಾಯಲ್ಲೇ ಹೇಳಿಸ್ತೀನಿ. ಅಲ್ಲೀವರೆಗೆ ನನಗೆ ಸಮಾಧಾನ ಇಲ್ಲ" ಎಂದಳು. ಯಜಮಾನರು ನೀರು ಕುಡಿಯಲು ಎದ್ದು ಹೋದರು.

ಮರುದಿನದಿಂದ ಅವಳು ಮಾಡಿದ್ದು ಇಷ್ಟೇ. ಗರಿಗರಿಯ ಅಂಗಿಗಳನ್ನು ನಮ್ಮ ಮನೆಗೆ ತರುವುದು ಬಿಟ್ಟಳು. ಅವನೇ ಕಟ್ಟಿಸಿದ ತಂತಿಯ ಮೇಲೆ, ಎಲ್ಲ ಬಟ್ಟೆಗಳ ಜೊತೆ ಅವನ್ನೂ ಒಣಹಾಕಿದಳು. ಕರೆಂಟು ಹೋಗುವ ಹೊತ್ತಿಗೆ ಮಕ್ಕಳ ಬಟ್ಟೆ ಎತ್ತಿಕೊಳ್ಳುತ್ತಿದ್ದಳು, ಅವನದು ಅಲ್ಲೇ. ಕೊಳವೆಗೆ ಆಗ ಯಾರೋ ತಗಡು ಸುತ್ತಿದ್ದರು, ಅದರ ಸಂದಿಯಿಂದ ಮಸಿ ಮೊದಲಿನಂತೆಯೇ ಬರುತ್ತಿತ್ತು. ಕೆಲವೇ ವಾರಗಳಲ್ಲಿ ಗರಿಗರಿಯ ಅಂಗಿಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದವು. ಸೋಪು ಬದಲಾಯಿಸಿದ, ನೀಲಿ ಹಾಕಿಸಿದ, ಹೊಸ ಅಂಗಿ ತಂದ. ಹೊಸದೂ ಹಳೆಯದರ ಜಾತಿಗೇ ಸೇರಿತು. ಅತ್ತಿಗೆಯನ್ನು ಕರೆದು ಬೈದರೆ ಅವಳು ತಲೆ ತಗ್ಗಿಸಿ, "ನನ್ನ ಕೈಯೇ ಶುದ್ಧ ಇಲ್ವಲ್ಲ ಸಾರ್" ಅನ್ನುತ್ತಿದ್ದಳು. ಅವಳು ಮನೆಗೆ ಬಂದು ಇದನ್ನು ಹೇಳಿದ ದಿನ ನನಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ನಗು ಬಂತು.

ಇಷ್ಟರಲ್ಲಿ ಸೋಲಾರ್ ವಿಷಯ ತೀರ್ಮಾನಿಸಲು ಅಧ್ಯಕ್ಷೆಯೇ ಒಂದು ಸಂಜೆ ಬರುತ್ತಾರೆಂದು ಗೊತ್ತಾಯಿತು. ಟೀಚರಮ್ಮ ಬೇಕು ಅನ್ನುವವರು, ಗರಿಗರಿ ಬೇಡ ಅನ್ನುವವನು. ಬೂದಿ ಅಂಗಿಯಲ್ಲಿ ಎದುರು ನಿಲ್ಲುವುದು ಹೇಗೆ? ಇನ್ನೂ ತೊಡದ ಎರಡು ಅಂಗಿ ಮಾತ್ರ ಉಳಿದಿದ್ದವು. ಒಂದನ್ನು ಮೈಮೇಲೆ ಹಾಕಿಕೊಂಡು, ಇನ್ನೊಂದನ್ನು ಸಂಜೆಗೆಂದು ಹಿಡಿದುಕೊಂಡು ಬೆಳಿಗ್ಗೆ ಒಗೆಯುವ ಕಲ್ಲಿನ ಹತ್ತಿರ ತಾನೇ ಬಂದ. "ಗಂಜಿ ಹಾಕು. ಇವತ್ತು ಇಲ್ಲೇ ಕೂತು ನೋಡ್ತೀನಿ, ನೀನೇನು ಮಾಡ್ತೀಯ ಅಂತ" ಎಂದ.

"ಕೂತ್ಕೊಳ್ಳಿ ಸಾರ್" ಎಂದು ಅತ್ತಿಗೆ ಕುರ್ಚಿ ತಂದು ಹಾಕಿದಳು. ಒಗೆಯುವ ಮುಂಚೆ ಸೋಪಿನಿಂದ ಕೈ ತೊಳೆದು ಅವನ ಮುಖದ ಮುಂದೆ ಹಿಡಿದು, "ನೋಡಿ ಸಾರ್" ಎಂದಳು. ಅವನು ನೋಡಲೇಬೇಕಾಯಿತು. ಅವಳು ಒಗೆದು, ಗಂಜಿಯಲ್ಲಿ ಅದ್ದಿ, ತಂತಿಗೆ ಹಾಕಿದಳು. ಅವನು ಕುರ್ಚಿಯನ್ನು ತಂತಿಯ ಕೆಳಗೇ ಎಳೆದುಕೊಂಡು, ಗಂಜಿ ಹಾಕಿದ ಅಂಗಿ ಮಬ್ಬು ಬಿಸಿಲಲ್ಲಿ ನಿಧಾನವಾಗಿ ಒಣಗುವುದನ್ನು ಕಾಯುತ್ತ ಕೂತ. ಊಟಕ್ಕೂ ಏಳಲಿಲ್ಲ. ನಾನು ಅನ್ನದ ತಟ್ಟೆ ತೆಗೆದುಕೊಂಡು ಹೋದೆ. ತಟ್ಟೆ ಒಂದು ನೆಪ, ನನಗೆ ಬೇಕಾಗಿದ್ದದ್ದು ಆಟ ನೋಡುವುದು.

ಕರೆಂಟು ಹೋಯಿತು. ಪ್ರಯೋಗಾಲಯದಿಂದ ಗಂಟೆ ಹೊಡೆದರು. ನನ್ನ ಯಜಮಾನರು ಓಡಿಬಂದವರು ಕುರ್ಚಿಯಲ್ಲಿದ್ದವನನ್ನು ಕಂಡು ನಿಂತುಬಿಟ್ಟರು.

"ಸಾರ್, ಸ್ಟಾರ್ಟ್ ಮಾಡ್ಲಾ?"

ಗರಿಗರಿ ಅಂಗಿಯನ್ನು ನೋಡಿದ, ಕೊಳವೆಯನ್ನು ನೋಡಿದ, ಅತ್ತಿಗೆಯನ್ನು ನೋಡಿದ. ಬೇಡವೆಂದರೆ ಯಾಕೆ ಬೇಡವೆಂದು ಬಾಯಿಬಿಟ್ಟು ಹೇಳಬೇಕು. ಎದ್ದು ಆಚೆ ಹೋದರೂ ಅದೇ ಅರ್ಥ. ಕೊನೆಗೆ, "ಮಾಡು" ಎಂದ.

ಜನರೇಟರ್ ಕೆಮ್ಮಿತು. ತಗಡಿನ ಸುತ್ತು ಕಿತ್ತುಬಂದು, ದಟ್ಟ ಕಪ್ಪು ಹೊಗೆ ನೇರ ಅವನ ಮೇಲೆ ಬಿತ್ತು. ಹೊಗೆ ತಿಳಿಯಾದಾಗ ತಂತಿಯ ಮೇಲಿನ ಅಂಗಿ, ಮೈಮೇಲಿನ ಅಂಗಿ, ಮೀಸೆ, ಅನ್ನ, ಎಲ್ಲದರ ಮೇಲೂ ಮಸಿ. ಗಂಟೆ ಹೊಡೆದು ಹೊರಬಂದಿದ್ದ ಮಕ್ಕಳಲ್ಲಿ ಒಬ್ಬಳು ಬಹಳ ವಿನಯದಿಂದ, "ಸಾರ್, ಕೈ ತೊಳ್ಕೊಂಡಿದ್ರಾ?" ಎಂದು ಕೇಳಿದಳು. ಆ ಮಗುವಿಗೆ ಅಂದು ರಾತ್ರಿ ನಾನು ಎರಡು ಸಲ ಬಡಿಸಿದೆ.

ಸಂಜೆ ಅಧ್ಯಕ್ಷೆ ಬಂದರು. ಎಷ್ಟು ಉಜ್ಜಿದರೂ ಕಿವಿಯ ಹಿಂದೆ ಕಪ್ಪು ಉಳಿದಿದ್ದ ಗರಿಗರಿ, ಇಂಗು ತಿಂದ ಮಂಗನ ಹಾಗೆ ಹಳೆಯ ಬೂದಿ ಅಂಗಿಯಲ್ಲಿ ನಿಂತಿದ್ದ. ಅವರು ಷೆಡ್ಡಿಗೇ ನಡೆದು ಹೋಗಿ ಕೊಳವೆ ನೋಡಿ, "ಇದು ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದರು. ಸುತ್ತ ಮಕ್ಕಳಿದ್ದರು, ಸುಳ್ಳು ಹೇಳುವ ಹಾಗಿರಲಿಲ್ಲ. "ವಾರ್ಷಿಕ ದಿನಕ್ಕೆ ಮುಂಚೆಯಿಂದ. ಬದಲಾಯಿಸ್ಬೇಕು ಅಂತ ಹೇಳಿದ್ರು. ಕಾರ್ಯಕ್ರಮ ಮುಗೀಲಿ ಅಂದೆ" ಎಂದ. ಯಾರು ಹೇಳಿದ್ದರು ಎಂದು ಯೋಚಿಸುವಷ್ಟು ಪುರುಸೊತ್ತು ನನಗೆ ಆಗ ಇರಲಿಲ್ಲ. ಹಾಲು ಕುಡಿದಷ್ಟು ಸಂತೋಷವಾಗಿತ್ತು. ಅಧ್ಯಕ್ಷೆ ಅಲ್ಲೇ ನಿಂತು, ಎಲ್ಲ ತಾರಸಿಗಳ ಮೇಲೂ ಸೋಲಾರ್ ಕೂರಿಸಿ, ದಿಬ್ಬದ ಮೇಲೊಂದು ಗಾಳಿಯಂತ್ರ ನಿಲ್ಲಿಸಿ, ಈ ಷೆಡ್ಡು ಖಾಲಿ ಮಾಡಿ ಎಂದರು. ಉದ್ಘಾಟನೆಯ ದಿನ ಅತ್ತಿಗೆಯನ್ನು ಅದೇ ವೇದಿಕೆಗೆ ಕರೆದು ನಿಜ ಹೇಳಬೇಕೆಂದು ಗರಿಗರಿಗೆ ಹೇಳಿದರು.

ಕೆಲಸ ತಿಂಗಳುಗಟ್ಟಲೆ ನಡೆಯಿತು. ಯಾರಿಗೂ ಸುಮ್ಮನೆ ಒಂದು ಲೋಟ ನೀರು ಕೊಡದ ಅತ್ತಿಗೆ, ಸೋಲಾರ್ ಕೂರಿಸುವವರಿಗೆ ಮಜ್ಜಿಗೆ ಹೊತ್ತುಕೊಂಡು ತಾರಸಿ ಹತ್ತುತ್ತಿದ್ದಳು. "ಒಂದೊಂದು ಹಲಗೆ ಕೂತಾಗ್ಲೂ ಅವನ ಎದೆ ಮೇಲೆ ಒಂದೊಂದು ಚಪ್ಪಡಿ ಇಟ್ಟಂಗೆ ಅನ್ಸುತ್ತೆ" ಎಂದು ಕೈ ಉಜ್ಜಿಕೊಳ್ಳುತ್ತಿದ್ದಳು. ನನಗೆ ಖುಷಿಯ ಜೊತೆ ಪುಕಪುಕ. ಜನರೇಟರ್ ಹೋದರೆ ಅದನ್ನು ನೋಡಿಕೊಳ್ಳುವವರ ಗತಿ?

"ನಿನ್ನ ಹಗೆಗೆ ನಮ್ಮ ಹೊಟ್ಟೆ ಮೇಲೆ ಹೊಡೀತೀಯಾ?" ಎಂದು ಕೇಳಿಯೇಬಿಟ್ಟೆ.

"ನಿನ್ನ ಗಂಡನ ಕೆಲಸ ಎಲ್ಲೂ ಹೋಗಲ್ಲ. ಸೋಲಾರಿನ ಬ್ಯಾಟರಿ ಕೋಣೆ ಅವನಿಗೇ ಕೊಡಿ ಅಂತ ಟೀಚರಮ್ಮನ ಹತ್ರ ಹೇಳಿದೀನಿ. ಅಧ್ಯಕ್ಷೆ ಹತ್ರಾನೂ ಮಾತು ತಗೊಂಡಿದೀನಿ. ಅವನನ್ನ ಯಾರೂ ತೆಗೆಯೋಕಾಗಲ್ಲ" ಎಂದಳು. ಹಾಗೇ ಆಯಿತು. ಟೀಚರಮ್ಮ ಅವರಿಗೆ ಬ್ಯಾಟರಿಗಳ ಕೆಲಸ ಕಲಿಸಿದರು. ಜೊತೆಗೆ ಬಿಳಿ ಸಮವಸ್ತ್ರ ಬಂತು.

ಉದ್ಘಾಟನೆಗೆ ಹಿಂದಿನ ಸಲದ ಮಕ್ಕಳು, ಪಾಲಕರು ಎಲ್ಲರನ್ನೂ ಕರೆಸಿದ್ದರು. ಈ ಸಲ ನಾನು ಒಲೆ ಆರಿಸಿ ಮೊದಲ ಸಾಲಿಗೇ ಹೋಗಿ ಕೂತೆ. ಸಭಾಂಗಣದ ದೀಪಗಳು ಬಿಸಿಲಿನಿಂದಲೇ ಉರಿಯುತ್ತಿದ್ದವು, ಹೊರಗೆ ಗಡಗಡ ಸದ್ದಿಲ್ಲ. ಗರಿಗರಿ ಮೈಕು ಹಿಡಿದು, "ಆವತ್ತು ಕೋಟು ಕೊಳೆಯಾಗಿದ್ದು ಜನರೇಟರ್ ಹೊಗೆಯಿಂದ. ಇವರ ಕೈಯಿಂದ ಅಲ್ಲ. ಅದು ನನಗೆ ಆಗ್ಲೇ ಗೊತ್ತಿತ್ತು. ಕ್ಷಮಿಸಿ" ಎಂದ. ಕೊನೆಯ ಮಾತಿಗೆ ದನಿ ಉಡುಗಿಹೋಯಿತು. ನಾನು ಕೈ ಕೆಂಪಾಗುವ ತನಕ ಚಪ್ಪಾಳೆ ತಟ್ಟಿದೆ. ಅತ್ತಿಗೆ ಮಾತ್ರ ಅವನ ಕಡೆ ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಪಕ್ಕದ ಬಾಗಿಲಲ್ಲಿ ಬಿಳಿ ಸಮವಸ್ತ್ರದಲ್ಲಿ ನಿಂತಿದ್ದ ತಮ್ಮನ ಮೇಲಿತ್ತು.

ಬ್ಯಾಟರಿ ಕೋಣೆಯವರೂ ಎರಡು ಮಾತಾಡಲಿ ಎಂದು ಅಧ್ಯಕ್ಷೆ ಕರೆದರು. ಯಜಮಾನರು ಬಂದು ಮೈಕು ಹಿಡಿದರು. ಅಧ್ಯಕ್ಷೆಗೆ ವಂದನೆ ಹೇಳಿದರು, ಟೀಚರಮ್ಮನಿಗೆ ಹೇಳಿದರು, ಮ್ಯಾನೇಜರ್ ಸಾಹೇಬರಿಗೂ ಹೇಳಿದರು. "ನಮ್ಮಕ್ಕನಿಗೆ ಇವತ್ತು ಮರ್ಯಾದೆ ಸಿಕ್ತು, ಸಂತೋಷ" ಎಂದರು. ಇಳಿದು ಹೋದರು.

ಅತ್ತಿಗೆ ಊಟಕ್ಕೆ ನಿಲ್ಲದೆ ಅಡುಗೆಮನೆಗೆ ಬಂದು ಅಕ್ಕಿ ಮೂಟೆಯ ಮೇಲೆ ಕೂತಳು. ನಾನು ಕುಣಿಯುವುದೊಂದು ಬಾಕಿ. "ಅವನ ಸೊಕ್ಕು ಇಳೀತಲ್ಲ. ಇನ್ನೂ ಏನು ಬೇಕಿತ್ತು ನಿನಗೆ?" ಎಂದೆ.

"ಅವನದು ಮುಗೀತು."

"ಮತ್ತೆ ಇನ್ನಾರದು?"

"ಆವತ್ತು ನಿನ್ನ ಗಂಡ ಷೆಡ್ಡಲ್ಲಿ ಇರ್ಲಿಲ್ಲ. ವೇದಿಕೆ ಪಕ್ಕದಲ್ಲೇ ನಿಂತಿದ್ದ, ಮೈಕಿನ ವೈರು ಹಿಡ್ಕೊಂಡು. ಕೊಳವೆ ತೂತಾಗಿದೆ ಅಂತ ಹಿಂದಿನ ದಿನ ಮ್ಯಾನೇಜರಿಗೆ ಹೇಳಿ ಬಂದೋನೂ ಅವನೇ. ಜನ ನಗ್ತಿದ್ರು, ನಾನು ಅವನ ಮುಖ ನೋಡ್ದೆ. ಅವನು ವೈರು ನೋಡ್ದ."

ನಾನು ಸೌಟು ಕೆಳಗಿಟ್ಟು ಅವಳ ಪಕ್ಕಕ್ಕೆ ಬಂದೆ.

"ಗರಿಗರಿ ನನಗೇನಾಗ್ಬೇಕು?" ಅತ್ತಿಗೆ ಅಂದಳು. "ಅವನೇನು ನನ್ನ ಕಂಕುಳಲ್ಲಿ ಬೆಳೆದೋನಾ? ಕೆಲಸ ಹೋಗುತ್ತೆ ಅಂತ ಇವನಿಗೆ ಭಯ ಇತ್ತು. ಸರಿ, ಆ ಭಯ ಇಲ್ದಂಗೆ ಮಾಡ್ದೆ. ಮ್ಯಾನೇಜರ್ ಭಯ ಇತ್ತು, ಅವನನ್ನೂ ಬಗ್ಗಿಸ್ದೆ. ಕೈಗೆ ಮೈಕ್ ಬರೋ ಹಾಗೆ ಮಾಡ್ದೆ. 'ನಾನೂ ಅಲ್ಲಿದ್ದೆ, ನನಗೂ ಗೊತ್ತಿತ್ತು' ಅನ್ನೋಕೆ ಇವತ್ತು ಅವನಿಗೆ ಯಾವ ಅಡ್ಡಿ ಇತ್ತು ಹೇಳು?"

ಅವಳು ಆಗ ಅತ್ತಳು. ಇಷ್ಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆ ವಾರದಿಂದ ಅತ್ತಿಗೆ ಎಲ್ಲರ ಸಮವಸ್ತ್ರವನ್ನೂ ಒಗೆಯುತ್ತಾಳೆ, ತಮ್ಮನದು ಬಿಟ್ಟು. ನಾನೂ ಮುಟ್ಟುವುದಿಲ್ಲ. ನನಗೂ ಮುಖ ನೋಡಿ ಸುಳ್ಳು ಹೇಳಿದವರು ಅವರು. ನಮ್ಮ ಸಾಲುಮನೆಗಳ ನಲ್ಲಿಯ ಮುಂದೆ, ಎಲ್ಲರೂ ನೋಡುತ್ತಿರುವಾಗ, ಯಜಮಾನರು ತಮ್ಮ ಬಿಳಿ ಪ್ಯಾಂಟು ತಾವೇ ತಿಕ್ಕುತ್ತಾರೆ. ಮೊನ್ನೆ ಅತ್ತಿಗೆ ಬಕೆಟ್ಟು ಹಿಡಿದು ಪಕ್ಕದಲ್ಲಿ ಹಾದುಹೋಗುವಾಗ ತಲೆಯೆತ್ತಿ, "ಅಕ್ಕಾ, ಒಂದು ಮಾತಾದ್ರೂ ಆಡು" ಎಂದರು.

"ಮೈಕ್ ಕೊಟ್ಟಿದ್ರಲ್ಲ. ನೀನು ಆಡಿದ್ಯಾ?" ಎಂದು ಹೇಳಿ ಅವಳು ನಿಲ್ಲದೆ ಮುಂದೆ ಹೋದಳು. ಯಜಮಾನರು ನಲ್ಲಿ ಬಿಟ್ಟುಕೊಂಡು, ತಲೆ ತಗ್ಗಿಸಿ ಮತ್ತೆ ತಿಕ್ಕತೊಡಗಿದರು.